ನೇರಳೆ ಕುರ್ತಾದ ಜೇಬು

ನೆನೆದ ಅವರೆಕಾಳನ್ನು ಎಡಗೈಯಲ್ಲೇ ಒಂದೊಂದಾಗಿ ಹಿತಕುತ್ತ ಕುಳಿತಿದ್ದಾಗ ಫೋನು ಬಂತು. ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮೂರು ತಿಂಗಳಿಂದ ಆ ಕೈ ಹೆಗಲ ಹತ್ತಿರ ಬಿಗಿದುಕೊಂಡುಬಿಟ್ಟಿದೆ. ಮುಂದಕ್ಕೆ ಒಂದಿಷ್ಟು ಬರುತ್ತದೆ, ಮೇಲಕ್ಕೆ ಏಳುವುದಿಲ್ಲ, ಬೆನ್ನ ಹಿಂದಕ್ಕಂತೂ ಹೋಗುವುದೇ ಇಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಹೀಗಾಗುವುದುಂಟು, ವ್ಯಾಯಾಮ ಮಾಡಿಸಿದರೆ ಬಿಡುತ್ತದೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಭದ್ರಾವತಿಯಲ್ಲಿ ನಮ್ಮ ಮನೆಗೆ ಹತ್ತಿರವಿರುವ ಫಿಸಿಯೋಥೆರಪಿ ಕೇಂದ್ರದಲ್ಲಿ ಹೆಸರು ಬರೆಸಿ ಒಂದು ತಿಂಗಳು ಕಾದಿದ್ದೆ. ಫೋನು ಅಲ್ಲಿಂದಲೇ. ಯಾರೋ ಬಿಟ್ಟುಹೋಗಿದ್ದಾರೆ, ಸೋಮವಾರದಿಂದ ಬನ್ನಿ ಎಂದಳು ಅಲ್ಲಿಯ ಹುಡುಗಿ.

ಶಿವ ಕಣ್ಣು ಬಿಟ್ಟ ಅಂದುಕೊಳ್ಳುವಷ್ಟರಲ್ಲಿ ಅವಳು ಇನ್ನೊಂದು ಮಾತು ಸೇರಿಸಿದಳು. ಸೀರೆ ಉಟ್ಟು ಬರಬೇಡಿ, ರವಿಕೆಯ ತೋಳು ಬಿಗಿ ಇದ್ದರೆ ಏನೂ ಮಾಡಲಾಗುವುದಿಲ್ಲ, ಸಡಿಲವಾದ ಚೂಡಿದಾರ ಹಾಕಿಕೊಂಡು ಬನ್ನಿ, ಮುಂದೆ ಗುಂಡಿ ಇದ್ದರೆ ಇನ್ನೂ ಒಳ್ಳೆಯದು ಎಂದಳು. ನಾನು ಕೇಳಿದ್ದು ಒಂದೇ ಪ್ರಶ್ನೆ. ಕೊರಳಲ್ಲಿ ಲಿಂಗ ಇದೆ, ಅದನ್ನು ತೆಗೆಯಬೇಕಾಗುತ್ತದಾ? ಸ್ವಲ್ಪ ಎಡಕ್ಕೆ ಸರಿಸಿಕೊಂಡರೆ ಸಾಕು ಎಂದಳು. ಅಷ್ಟು ಕೇಳಿ ಉಸಿರು ಬಿಟ್ಟೆ. ಚೂಡಿದಾರದ ಚಿಂತೆ ಆಮೇಲೆ ಶುರುವಾಯಿತು.

ಲಿಂಗದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ. ಹೊಳೆಹೊನ್ನೂರಿನ ನನ್ನ ತವರಿನಲ್ಲಿ ಕೂಸಾಗಿದ್ದಾಗಲೇ ನನಗೆ ಲಿಂಗ ಕಟ್ಟಿದ್ದರು. ಬೆಟ್ಟದ ನೆಲ್ಲಿಕಾಯಿ ಗಾತ್ರದ ಬೆಳ್ಳಿ ಕರಡಿಗೆಯಲ್ಲಿ ಅದು ಇದೆ. ಆ ಕರಡಿಗೆ ನನ್ನ ಮದುವೆಯಲ್ಲಿ ಅವ್ವ ಮಾಡಿಸಿಕೊಟ್ಟದ್ದು. ಶಿವದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡರೆ ಎದೆಯ ಮೇಲೆ ಕೂರುತ್ತದೆ. ಹೊಕ್ಕುಳಿಂದ ಕೆಳಕ್ಕೆ ಇಳಿಯಬಾರದು, ಬೇರೆಯವರ ಕೈಗೆ ಕೊಡಬಾರದು, ಮೈಮೇಲೆ ಅದಿಲ್ಲದೆ ಹನಿ ನೀರೂ ಗಂಟಲಿಗೆ ಇಳಿಯಬಾರದು. ಎರಡು ಹೆರಿಗೆಯಲ್ಲೂ ಅದು ನನ್ನ ಮೈಮೇಲಿತ್ತು. ಗರ್ಭಕೋಶದ ಆಪರೇಷನ್ನಿನಲ್ಲಿ ಕೊರಳಿನದೆಲ್ಲ ತೆಗೆಯಿರಿ ಅಂದಾಗ ನರ್ಸಮ್ಮನ ಕಾಲು ಹಿಡಿಯುವುದೊಂದು ಬಾಕಿ; ಆಕೆ ಒಳ್ಳೆಯವಳು, ತೋಳಿಗೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿದಳು. ಅರವತ್ತನಾಲ್ಕು ವರ್ಷ ಹೀಗೆ ಕಾಪಾಡಿಕೊಂಡು ಬಂದದ್ದು.

ಚೂಡಿದಾರ ನಾನು ಈ ಜನ್ಮದಲ್ಲಿ ಹಾಕಿದವಳಲ್ಲ. ಹೊಲಿಸೋಣವೆಂದರೆ ನಮ್ಮ ಟೈಲರಿಗೆ ಕಣ್ಣಿನ ಆಪರೇಷನ್ ಆಗಿ ಅಂಗಡಿ ಬಾಗಿಲು ಹಾಕಿದ್ದಾರೆ. ಮೂವತ್ತು ವರ್ಷ ನನ್ನ ರವಿಕೆ ಹೊಲಿದವರು ಅವರು, ನನ್ನ ಮೈ ಬದಲಾದದ್ದು ನನಗಿಂತ ಮೊದಲು ಅವರ ಟೇಪಿಗೆ ತಿಳಿಯುತ್ತಿತ್ತು. ಬೇರೆ ಇಬ್ಬರನ್ನು ಕೇಳಿದೆ. ಮದುವೆ ಸೀಸನ್ ಅಮ್ಮ, ಹದಿನೈದು ದಿನ ಆಗುತ್ತೆ ಅಂದರು. ಸಂಜೆ ಭದ್ರಾವತಿಯ ಪೇಟೆಯಲ್ಲಿ ಎರಡು ಅಂಗಡಿ ಹತ್ತಿ ಇಳಿದೆ. ಒಂದರಲ್ಲಿ ನೈಟಿ ಕೊಡಲಾ ಅಂದರು. ಇನ್ನೊಂದರಲ್ಲಿ ನನ್ನನ್ನು ನೋಡುತ್ತಲೇ ನಿಮ್ಮ ಸೈಜ್ ಬರಲ್ಲ ಅಂದರು, ಟೇಪು ಹಿಡಿಯುವ ಗೋಜಿಗೂ ಹೋಗಲಿಲ್ಲ.

ಶಿವಮೊಗ್ಗದ ರಾಗಿಗುಡ್ಡದಲ್ಲಿ ನನ್ನ ತಂಗಿ ಇದ್ದಾಳೆ. ಅವಳಿಗೆ ಫೋನು ಮಾಡಿದಾಗ, ನಾಳೆ ಬಾರೇ, ಇಲ್ಲಿ ಮೂರು ಮಹಡಿ ಬಟ್ಟೆ ಅಂಗಡಿ ಇದೆ, ನಿನ್ನ ಮೈಗೆ ಆಗುವಂಥದ್ದು ಒಂದಾದರೂ ಸಿಗದೆ ಇರುತ್ತಾ ಅಂದಳು. ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ ಎಂದೂ ಹೇಳಿದಳು.

ಶನಿವಾರ ಪೂಜೆ ಮುಗಿಸಿ, ಎರಡು ಇಡ್ಲಿ ತಿಂದು ಬಸ್ಸು ಹತ್ತಿದೆ. ತಂಗಿ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು.

ಅಂಗಡಿಯ ಬಾಗಿಲಲ್ಲಿ ತಲೆಯಿಲ್ಲದ ಬೊಂಬೆಗಳು ನಿಂತಿದ್ದವು. ನನ್ನ ಒಂದು ತೋಳಿನಷ್ಟು ದಪ್ಪದ ಸೊಂಟ ಅವಕ್ಕೆ. ಕೈಚೀಲಗಳನ್ನು ಬಾಗಿಲ ಬಳಿಯೇ ಇಸಿದುಕೊಂಡು ಟೋಕನ್ ಕೊಟ್ಟರು. ಗಂಡಸರ ಬಟ್ಟೆ ನೆಲಮಹಡಿಯಲ್ಲಿ, ನಮ್ಮದು ಎರಡನೇ ಮಹಡಿಯಲ್ಲಿ. ಲಿಫ್ಟು ಸಾಮಾನಿಗೆ ಮಾತ್ರವಂತೆ. ಕುರ್ಚಿಗಳು ಇದ್ದದ್ದೂ ಕೆಳಗೆ, ಬಿಲ್ಲಿನ ಕಟ್ಟೆಯ ಎದುರು. ಅವುಗಳಲ್ಲಿ ಹೆಂಡಂದಿರಿಗಾಗಿ ಕಾಯುವ ಗಂಡಸರು ಕುಳಿತು ಮೊಬೈಲು ನೋಡುತ್ತಿದ್ದರು. ಮೇಲೆ ಹೆಂಗಸರಿಗೆ ಒಂದು ಸ್ಟೂಲೂ ಇರಲಿಲ್ಲ.

ಮಾರುವ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಕುಂಸಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳಂತೆ. ಚೂಡಿದಾರ ಯಾರಿಗೆ, ಮಗಳಿಗಾ ಎಂದು ಕೇಳಿದಳು. ತಂಗಿ ನನ್ನನ್ನು ತೋರಿಸಿದಾಗ ಹುಡುಗಿ ನನ್ನ ಬೈತಲೆಯಿಂದ ಚಪ್ಪಲಿವರೆಗೆ ನೋಡಿ ಒಳಗೆ ಹೋದಳು. ತಂದದ್ದರಲ್ಲಿ ಒಂದಕ್ಕೆ ತೋಳಿಲ್ಲ, ಒಂದಕ್ಕೆ ಬೆನ್ನಿಲ್ಲ, ಒಂದಕ್ಕೆ ಪಕ್ಕದ ಸೀಳು ಸೊಂಟದ ತನಕ. ದೊಡ್ಡದು ಕೊಡಮ್ಮ ಅಂದರೆ ಇಂಗ್ಲಿಷ್ ಅಕ್ಷರದ ಪಕ್ಕ ಇನ್ನೊಂದು ಅಕ್ಷರ ಹೆಚ್ಚಿಸಿ ತರುತ್ತಿದ್ದಳು. ಅಕ್ಷರ ಬೆಳೆದಂತೆ ಹೊಟ್ಟೆಯ ಹತ್ತಿರ ಬಟ್ಟೆ ಬೆಳೆಯುತ್ತಿತ್ತೇ ಹೊರತು ಕಂಕುಳು ಅಷ್ಟೇ ಇರುತ್ತಿತ್ತು. ವಯಸ್ಸಾದ ಹೆಂಗಸಿಗೆ ತೋಳು ಮೇಲ್ಗಡೆ ದಪ್ಪವಾಗುತ್ತದೆ, ಹೆಗಲು ಕಿರಿದಾಗುತ್ತದೆ, ಎದೆ ಇಳಿಯುತ್ತದೆ. ಬಟ್ಟೆ ಕತ್ತರಿಸುವವರ ಮನೆಯಲ್ಲಿ ಅವ್ವ ಅಂತ ಒಬ್ಬಳು ಇರುವುದಿಲ್ಲವೇ ಎಂದು ನನಗೆ ನಿಜಕ್ಕೂ ಅನ್ನಿಸಿತು.

ಮುಂದೆ ತೆರೆಯುವಂಥದ್ದು ಇಲ್ಲವೇ ಎಂದೆ. ಹುಡುಗಿ ಯೋಚಿಸಿ, ಒಂದು ಗುಲಾಬಿ ಬಣ್ಣದ ಕುರ್ತಾ ತಂದಳು. ಎದೆಯ ಎರಡೂ ಕಡೆ ಉದ್ದಕ್ಕೆ ಜಿಪ್ಪು. ಯಾಕೆ ಎರಡು ಎಂದು ತಂಗಿ ಕೇಳಿದಳು.

“ಫೀಡಿಂಗ್ ಕುರ್ತಿ ಅಮ್ಮ. ಮಗುಗೆ ಹಾಲು ಕೊಡೋರು ಹಾಕ್ಕೊಳ್ಳೋದು. ಮುಂದೆ ಬಿಚ್ಚೋದು ಅಂದ್ರೆ ನಮ್ಮಲ್ಲಿ ಇದೊಂದೇ ಇರೋದು.”

ತಂಗಿ ಗೋಡೆಗೆ ಒರಗಿ ನಕ್ಕಳು. “ತಗೊಳ್ಳೇ ಅಕ್ಕ. ನಿನ್ನ ಕಿರಿ ಮಗನಿಗೆ ನಲವತ್ತಾಗ್ತಾ ಬಂತು, ಬ್ಯಾಂಕಿಗೆ ಫೋನ್ ಮಾಡಿ ಬಾರಪ್ಪ ಅಂತೀನಿ.”

ನಾನೂ ನಕ್ಕೆ. ಆದರೆ ಅದನ್ನು ಮುಟ್ಟಲಿಲ್ಲ. ಫಿಸಿಯೋಥೆರಪಿಯ ಹಾಲಿನಲ್ಲಿ ಗಂಡಸರೂ ಇರುತ್ತಾರೆ.

ಕೊನೆಗೆ ಐದು ಕುರ್ತಾ ಹಿಡಿದು ಬಟ್ಟೆ ಹಾಕಿ ನೋಡುವ ಕೋಣೆಗೆ ಹೋದೆ. ಅದಕ್ಕೆ ಕೋಣೆ ಅನ್ನುವುದೇ ಹೆಚ್ಚು. ನಮ್ಮ ದೇವರ ಗೂಡು ಅದಕ್ಕಿಂತ ಅಗಲವಿದೆ. ಬಾಗಿಲ ಚಿಲಕ ನಿಲ್ಲುತ್ತಿರಲಿಲ್ಲ, ತಂಗಿ ಹೊರಗಿನಿಂದ ಹಿಡಿದುಕೊಂಡಳು. ನೆಲದ ಮೇಲೆ ಚಪ್ಪಲಿ ಗುರುತು, ಕೂದಲು, ಗುಂಡುಸೂಜಿ. ಗೋಡೆಯಲ್ಲಿ ಎರಡು ಕೊಕ್ಕೆ. ಒಂದರಲ್ಲಿ ಯಾರೋ ಹಾಕಿ ಬಿಟ್ಟುಹೋದ ಲೆಗ್ಗಿಂಗ್ಸ್ ಜೋತಾಡುತ್ತಿತ್ತು. ಇನ್ನೊಂದಕ್ಕೆ ಹೊಸ ಕುರ್ತಾಗಳನ್ನು ಹ್ಯಾಂಗರಿನ ಸಮೇತ ಸಿಕ್ಕಿಸಿ, ನನ್ನ ಸೀರೆ, ರವಿಕೆಗಳನ್ನು ಲೆಗ್ಗಿಂಗ್ಸಿನ ಮೇಲೆಯೇ ಹಾಕಬೇಕಾಯಿತು.

ಮೊದಲನೆಯದನ್ನು ಎಡಗೈ ಹಾಕಿ, ತಲೆ ತೂರಿಸಿ ಎಳೆದುಕೊಂಡಾಗ ಅದರ ಕತ್ತಿನ ಹಿಂದಿದ್ದ ಹುಕ್ಕಿಗೆ ಶಿವದಾರ ಸಿಕ್ಕಿಕೊಂಡಿತು. ಬಿಡಿಸಲು ಬಲಗೈ ಹಿಂದಕ್ಕೆ ಹೋಗದು. ಎಳೆದರೆ ಕುತ್ತಿಗೆಗೆ ಬಿಗಿಯುತ್ತದೆ, ದಾರ ಹರಿದರೆ ಗತಿ ಏನು. ದಾರವನ್ನೂ ಕುರ್ತಾವನ್ನೂ ಒಟ್ಟಿಗೆ ತಲೆಯಿಂದ ತೆಗೆದು, ಕೈಯಲ್ಲಿ ಹಿಡಿದು, ಹುಕ್ಕಿನಿಂದ ಬಿಡಿಸಿದೆ. ಲಿಂಗ ನನ್ನ ಅಂಗೈಯಲ್ಲಿತ್ತು. ಅಲ್ಲಿಗೆ ನಿಲ್ಲಿಸಿ ಕೊರಳಿಗೆ ಹಾಕಿಕೊಂಡು ಹೊರಗೆ ಬಂದಿದ್ದರೆ ಆಗುತ್ತಿತ್ತು.

ಸೋಮವಾರ ತಲೆಯೊಳಗಿತ್ತು. ಇನ್ನೊಂದು ನೋಡಿಬಿಡೋಣ, ಎರಡು ನಿಮಿಷ, ಆಮೇಲೆ ಹಾಕಿಕೊಂಡರಾಯಿತು ಅಂದುಕೊಂಡೆ. ಎಲ್ಲಿಡುವುದು? ತಂಗಿ ಇನ್ನೊಂದು ಸೈಜು ತರಲು ಹೋಗಿದ್ದರಿಂದ ಬಾಗಿಲನ್ನು ಆ ಕುಂಸಿಯ ಹುಡುಗಿ ಹಿಡಿದಿದ್ದಳು. ತಂಗಿ ಇದ್ದಿದ್ದರೂ ಕೈಗೆ ಕೊಡುವಂಥದ್ದಲ್ಲ. ನೆಲ ಆಗದು. ಲಂಗದ ಸೊಂಟಕ್ಕೆ ಸಿಕ್ಕಿಸಿದರೆ ಹೊಕ್ಕುಳಿಂದ ಕೆಳಗಾಯಿತು. ಒಂದು ಕೊಕ್ಕೆಯಲ್ಲಿ ಕಂಡವರ ಮೈಲಿಗೆ ಬಟ್ಟೆ, ಅದರ ಮೇಲೆ ಬಸ್ಸಿನಲ್ಲಿ ಕೂತು ಬಂದ ನನ್ನ ಸೀರೆ. ಆ ಗೂಡಿನಲ್ಲಿ ಮಡಿ ಅಂತ ಇದ್ದದ್ದು ಇನ್ನೂ ಯಾರೂ ತೊಡದ ಹೊಸ ಬಟ್ಟೆಯೊಂದೇ. ಎಲ್ಲಕ್ಕಿಂತ ಹಿಂದೆ ನೇತಾಡುತ್ತಿದ್ದ ನೇರಳೆ ಬಣ್ಣದ ಕುರ್ತಾಕ್ಕೆ ಪಕ್ಕದಲ್ಲಿ ಜೇಬಿತ್ತು. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ದಾರ ಸುತ್ತಿ, ಆ ಜೇಬಿನಲ್ಲಿಟ್ಟೆ. ಸರಿಯಾದ ಜಾಗವೇ ಸಿಕ್ಕಿತೆಂದು ಸಮಾಧಾನವೂ ಆಯಿತು.

ಎರಡನೇ ಕುರ್ತಾ ನನ್ನನ್ನು ಹಿಡಿದುಕೊಂಡುಬಿಟ್ಟಿತು. ತಲೆ ಒಳಗೆ ಹೋಯಿತು, ಎಡಗೈ ಹೋಯಿತು, ಬಲಗೈ ಅರ್ಧಕ್ಕೆ ಏರಿ ಅಲ್ಲೇ ನಿಂತಿತು. ಮೇಲಕ್ಕೂ ಬಾರದು, ಕೆಳಕ್ಕೂ ಬಾರದು. ಮುಖದ ಮೇಲೆ ಬಟ್ಟೆ, ಉಸಿರು ಬಿಸಿ. ಹೆಗಲಲ್ಲಿ ಯಾರೋ ಚಾಕು ಆಡಿಸಿದ ಹಾಗೆ ನೋವು. ಅಮ್ಮಾ ಎಂದು ಕೂಗಿದೆನಂತೆ. ಹುಡುಗಿ ಒಳಗೆ ಬಂದಳು, ತಂಗಿಯೂ ಓಡಿ ಬಂದಳು, ಒಬ್ಬಳು ಹಿಡಿದು ಒಬ್ಬಳು ಎಳೆದಾಗ ಕಂಕುಳ ಹೊಲಿಗೆ ಚರ್ರೆಂದು ಬಿಟ್ಟಿತು. ಹೊರಗಿನಿಂದ ಮಹಡಿಯ ಸೂಪರ್‌ವೈಸರ್ ಏನಾಯ್ತು ಅಲ್ಲಿ ಎಂದು ಕೇಳಿದ. ಏನಿಲ್ಲ ಸಾರ್ ಎಂದಳು ಹುಡುಗಿ. ನನ್ನ ಕಡೆ ತಿರುಗಿ, ಹೊಲಿಗೆ ಮಾತ್ರ ಬಿಟ್ಟಿದೆ, ನಾನೇ ಹಾಕಿ ಇಡುತ್ತೇನೆ, ನೀವು ಹೋಗಿ ಅಮ್ಮ ಎಂದು ಮೆಲ್ಲಗೆ ಹೇಳಿ ಐದೂ ಬಟ್ಟೆಗಳನ್ನು ತೋಳ ಮೇಲೆ ಹಾಕಿಕೊಂಡು ನಡೆದಳು. ಅರವತ್ತು ದಾಟಿದ ಮೇಲೆ ಮಕ್ಕಳ ಹಾಗೆ ಬೇರೆಯವರಿಂದ ಬಟ್ಟೆ ಬಿಚ್ಚಿಸಿಕೊಂಡ ನಾಚಿಕೆಯಲ್ಲಿ ರವಿಕೆ ತೊಟ್ಟು ಸೀರೆಯನ್ನು ಹೇಗೆ ಸುತ್ತಿಕೊಂಡೆನೋ ತಿಳಿಯದು. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದೆ.

ಆಟೋದಲ್ಲಿ ತಂಗಿ ನಗಿಸಲು ನೋಡಿದಳು. ನನಗೆ ಹೆಗಲ ನೋವೊಂದೇ ಗೊತ್ತಾಗುತ್ತಿತ್ತು.

ರಾಗಿಗುಡ್ಡದ ಅವಳ ಮನೆಯಲ್ಲಿ ಕೈಕಾಲು ತೊಳೆದು, ಊಟಕ್ಕೆ ಮುಂಚೆ ನುಂಗುವ ಸಕ್ಕರೆ ಮಾತ್ರೆ ನುಂಗಿ ಕುಳಿತೆ. ಅವಳು ರೊಟ್ಟಿ, ಎಣ್ಣೆಗಾಯಿ ಬಡಿಸಿ, ಅನ್ನಕ್ಕೆ ತುಪ್ಪ ಹಾಕಿದಳು. ಉಣ್ಣುವ ಮೊದಲು ಅನ್ನವನ್ನು ಲಿಂಗಕ್ಕೆ ತೋರಿಸಿ ಉಣ್ಣುವುದು ನಮ್ಮ ಪದ್ಧತಿ. ಎಡಗೈ ತಾನಾಗಿ ಎದೆಗೆ ಹೋಯಿತು.

ಅಲ್ಲಿ ಏನೂ ಇರಲಿಲ್ಲ.

ಇನ್ನೊಮ್ಮೆ ಮುಟ್ಟಿ ನೋಡಿದೆ. ಸೆರಗು ತೆಗೆದೆ, ರವಿಕೆಯೊಳಗೆ ತಡಕಿದೆ. ಮಾತ್ರೆಯ ಜೊತೆ ನೀರು ಕುಡಿದದ್ದು ನೆನಪಾಯಿತು. ಲಿಂಗವಿಲ್ಲದ ಮೈಯಲ್ಲಿ ನೀರು ಕುಡಿದಿದ್ದೆ. ತಟ್ಟೆ ಸರಿಸಿ ಎದ್ದೆ. ತಂಗಿಗೆ ಕೊರಳು ತೋರಿಸಿದೆ. ಅವಳೂ ಲಿಂಗ ಕಟ್ಟಿದವಳು, ಹೇಳುವುದೇನೂ ಬೇಕಿರಲಿಲ್ಲ. ಗ್ಯಾಸ್ ಆರಿಸಿ ಬೀಗ ಹುಡುಕಿದಳು. ಹೊರಡುವಾಗ ಒಂದು ಬೆಲ್ಲದ ಚೂರು ನನ್ನ ಕೈಯಲ್ಲಿಟ್ಟಳು.

ಆಟೋದಲ್ಲಿ ಅವಳು ಸಿಟ್ಟಾದಳು, ಹಿಂದೆಂದೂ ನನ್ನ ಮೇಲೆ ಅಷ್ಟು ಸಿಟ್ಟಾದವಳಲ್ಲ. “ಮಾತ್ರೆ ನುಂಗಿ ಹಸಿದಿದ್ದೀಯ. ಬಾಯಿಗೆ ಹಾಕ್ಕೊಳ್ಳೇ ಅದನ್ನ. ನೀನು ಅಂಗಡೀಲಿ ಬಿದ್ದರೆ ನಾನು ಭಾವನಿಗೆ ಏನು ಹೇಳಲಿ?”

“ಮೂರು ಗಂಟೆ ತನಕ ಬಿಡು. ಅಷ್ಟರಲ್ಲಿ ಸಿಗಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ ಕೇಳ್ತೀನಿ.”

ಆಗ ಎರಡು ಗಂಟೆ. ಬೆಲ್ಲ ಅಂಗೈಯಲ್ಲಿ ಬೆವರಿಗೆ ಅಂಟುತ್ತಿತ್ತು. ಶಿವನೇ, ನಿನ್ನನ್ನು ಯಾರದೋ ಜೇಬಿನಲ್ಲಿ ಬಿಟ್ಟು ಬಂದೆನಲ್ಲ ಎಂಬುದೊಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಆ ಕುರ್ತಾವನ್ನು ಯಾರಾದರೂ ಕೊಂಡು ಹೋಗಿದ್ದರೆ? ಬಿಲ್ಲು ಹಾಕುವವರು ಜೇಬು ನೋಡುತ್ತಾರೆಯೇ? ಮನೆಗೆ ಹೋದವರು ನೇರ ಬಟ್ಟೆ ತೊಳೆಯುವ ಮಿಷನ್ನಿಗೆ ಹಾಕಿದರೆ?

ಈ ಸಲ ಆ ಎರಡು ಮಹಡಿ ಹೇಗೆ ಹತ್ತಿದೆನೋ. ಕುಂಸಿಯ ಹುಡುಗಿ ಕಾಣಲಿಲ್ಲ, ಊಟಕ್ಕೆ ಮೇಲಿನ ಮಹಡಿಗೆ ಹೋಗಿದ್ದಳು. ಸೂಪರ್‌ವೈಸರನಿಗೆ ಹೇಳಿದೆ. ಅವನು ಕೇಳಿಸಿಕೊಂಡದ್ದು ಬೆಳ್ಳಿ ಎಂಬ ಮಾತನ್ನು. ಮುಖ ಗಟ್ಟಿಯಾಯಿತು. ಬೆಲೆಬಾಳುವ ವಸ್ತುಗಳಿಗೆ ಅಂಗಡಿ ಹೊಣೆಯಲ್ಲ ಎಂದು ಬರೆದು ಹಾಕಿದ್ದೇವೆ, ನೋಡಿ ಎಂದು ಗೋಡೆ ತೋರಿಸಿದ. ಬೆಲೆ ಅಲ್ಲಪ್ಪ, ಅದು ಲಿಂಗ ಎಂದೆ. ಅವನಿಗೂ ಭಯವಿತ್ತೇನೋ, ಮಾಲೀಕರು ಕೇಳಿದರೆ ಏನು ಹೇಳುವುದೆಂದು. ಒಬ್ಬಳನ್ನು ಕರೆದು, ಟ್ರಯಲ್ ರೂಮಿನ ಬಟ್ಟೆ ತೆಗೆದವಳು ಯಾರು, ಅವಳನ್ನು ಕರಿ, ಅವಳ ಚೀಲವನ್ನೂ ತರಲಿ ಎಂದ.

ಹುಡುಗಿ ಊಟದ ಕೈಯಲ್ಲೇ ಇಳಿದು ಬಂದಳು. ಡಬ್ಬಿಯ ಚೀಲವನ್ನು ಎದೆಗವಚಿಕೊಂಡಿದ್ದಳು. ವಿಷಯ ಕೇಳಿದೊಡನೆ ಅವಳ ಕಣ್ಣು ತುಂಬಿತು. ಅಷ್ಟು ಹೊತ್ತು ನನ್ನ ಭಯವೊಂದೇ ಇತ್ತು. ಈಗ ಇನ್ನೊಂದು ಸೇರಿತು. ನನ್ನಿಂದ ಹೊಲಿಗೆ ಬಿಟ್ಟ ಬಟ್ಟೆಯನ್ನು ಮುಚ್ಚಿಟ್ಟವಳು ಅವಳು. ಸೂಪರ್‌ವೈಸರ್ ಚೀಲಕ್ಕೆ ಕೈ ಚಾಚಿದ.

“ಆ ಚೀಲ ಮುಟ್ಟಬೇಡ. ಇಟ್ಟವಳು ನಾನು, ಮರೆತವಳು ನಾನು. ಬಟ್ಟೆ ಎಲ್ಲಿ ಇಡ್ತೀರಿ ಅದನ್ನ ಮಾತ್ರ ತೋರಿಸಿ.”

ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ. ಅವನು ಕೈ ಹಿಂತೆಗೆದ.

ಹುಡುಗಿ ಮೂಗು ಒರೆಸಿಕೊಂಡು ಹೇಳಿದಳು, ಸಣ್ಣ ಸೈಜೆಲ್ಲ ಕಣ್ಣಿಗೆ ಕಾಣುವ ಹಾಗೆ ಮೇಲೆ ನೇತು ಹಾಕುತ್ತೇವೆ, ದೊಡ್ಡ ಸೈಜು ಮಡಿಸಿ ಕೆಳಗಿನ ಖಾನೆಗೆ ಹಾಕುತ್ತೇವೆ ಎಂದು. ಕೆಳಗಿನ ಖಾನೆ ಅಂದರೆ ಮೇಜಿನ ಅಡಿ, ನೆಲಕ್ಕೆ ಒಂದು ಗೇಣು ಎತ್ತರದಲ್ಲಿ. ದೊಡ್ಡ ಸೈಜು ಬೇಕಾದವರಿಗೆ ಮಂಡಿ ನೋವಿರುತ್ತದೆ, ಬಗ್ಗಲಾಗುವುದಿಲ್ಲ ಎಂಬುದು ಇಡುವವರಿಗೆ ಹೊಳೆದಿರಲಿಲ್ಲ. ನಾನು ನೆಲದ ಮೇಲೇ ಕುಳಿತುಬಿಟ್ಟೆ. ಹುಡುಗಿ ಎಳೆದು ಎಳೆದು ಕೊಟ್ಟಳು, ತಂಗಿ ಕೊಡವಿದಳು, ನಾನು ಜೇಬು ತಡವಿದೆ. ಹಸಿರು, ಕಂದು, ಹೂವಿನದು, ಚುಕ್ಕಿಯದು. ಹೆಚ್ಚಿನವಕ್ಕೆ ಜೇಬೇ ಇರಲಿಲ್ಲ. ಹೊಲಿಗೆ ಹಾಕಿಟ್ಟದ್ದೂ ಸೇರಿ ನಾಲ್ಕು ಸಿಕ್ಕವು, ಬೆಳಿಗ್ಗೆ ನಾನು ಒಯ್ದವೇ. ನೇರಳೆಯದು ಇರಲಿಲ್ಲ.

ಅದು ಒಂದೇ ಪೀಸ್ ಇದ್ದದ್ದು, ನಾನು ಇಲ್ಲೇ ಇಟ್ಟಿದ್ದೆ ಅಮ್ಮ, ದೇವರಾಣೆ ಎಂದಳು ಹುಡುಗಿ. ಸೂಪರ್‌ವೈಸರ್ ಬಿಲ್ಲಿನವರಿಗೆ ಫೋನು ಮಾಡಿ, ನೇರಳೆ ಕುರ್ತಾ ಹೋಗಿದೆಯಾ ನೋಡಿ ಎಂದ. ಅವರು ನೋಡುತ್ತೇವೆ ಎಂದರು. ಆ ನೋಡುತ್ತೇವೆ ಎಂಬುದು ಮುಗಿಯಲೇ ಇಲ್ಲ. ನನ್ನ ಬೆರಳುಗಳು ನಡುಗುತ್ತಿದ್ದವು. ಭಯಕ್ಕೋ ಮಾತ್ರೆಗೋ ತಿಳಿಯದು. ಹಣೆಯಲ್ಲಿ ತಣ್ಣನೆ ಬೆವರು. ತಂಗಿ ನನ್ನ ಮುಖವನ್ನೂ ಗಡಿಯಾರವನ್ನೂ ನೋಡುತ್ತಿದ್ದಳು. ಪಂಚಾಕ್ಷರಿ ಹೇಳಿಕೊಳ್ಳೋಣವೆಂದರೆ ನಡುವೆಯೇ ತಪ್ಪಿಹೋಗುತ್ತಿತ್ತು.

ಅಷ್ಟರಲ್ಲಿ ನೆಲದ ಮೇಲೆ ಹರಡಿದ್ದ ಬಟ್ಟೆಯನ್ನು ನೋಡಿ ಒಬ್ಬ ಹೆಂಗಸು ನಿಂತಳು. ನನ್ನ ವಯಸ್ಸೇ, ಇನ್ನೂ ದಪ್ಪ ಮೈ, ಕನ್ನಡಕ, ಕೈಯಲ್ಲಿ ಊರುಗೋಲು. ಅವಳು ಕೇಳಿದ್ದು ಹುಡುಗಿಯನ್ನು.

“ಏನಮ್ಮ, ನನಗೆ ದೊಡ್ಡ ಸೈಜ್ ಇಲ್ಲವೇ ಇಲ್ಲ ಅಂತ ಆ ಕಡೆಯವಳು ಹೇಳಿದಳಲ್ಲ. ಇಲ್ಲಿ ಇವರಿಗೆ ಸಂತೆ ಹಾಕಿ ಕೊಟ್ಟಿದ್ದೀರಿ. ನನಗೆ ಬಗ್ಗೋಕಾಗಲ್ಲ ಅಂತ ಕೋಲಲ್ಲಿ ಎಳೆದು ಇದೊಂದು ತಗೊಂಡೆ ಮಾರಾಯ್ತಿ.”

ಇದೊಂದು ಎಂದು ಎತ್ತಿ ತೋರಿಸಿದ ಅವಳ ಎಡತೋಳಿನ ಮೇಲೆ ನೇರಳೆ ಕುರ್ತಾ ಇತ್ತು.

ನನಗೆ ಏಳಲಾಗಲಿಲ್ಲ. ಕೂತಲ್ಲಿಂದಲೇ ಅದರ ಅಂಚು ಹಿಡಿದುಕೊಂಡೆ. ಆಕೆ ನನ್ನನ್ನು ಬಟ್ಟೆ ಕಸಿಯಲು ಬಂದವಳೆಂದುಕೊಂಡು ಹಿಂದಕ್ಕೆ ಎಳೆದಳು. ನಾನು ಮೊದಲು ಹಿಡಿದದ್ದು ಎಂದಳು. ತಂಗಿ ಅಡ್ಡ ಬಂದು, ಅದರ ಜೇಬಿನಲ್ಲಿ ಇವಳ ಲಿಂಗ ಇದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಆಕೆಯ ಹಿಡಿತ ಸಡಿಲವಾಯಿತು. ಜೇಬಿಗೆ ಕೈ ಹಾಕಹೋಗಿ, ತಡೆದು, ಬಟ್ಟೆಯನ್ನೇ ನನ್ನ ಮಡಿಲಿಗೆ ಇಳಿಸಿದಳು. ಒಳಗೆ ಏನೋ ಗಟ್ಟಿ ತಾಗಿತ್ತು, ಕದ್ದೊಯ್ದರೆ ಬಾಗಿಲಲ್ಲಿ ಕೂಗುತ್ತದಲ್ಲ ಆ ಬಿಲ್ಲೆ ಅಂದುಕೊಂಡೆ, ಬಿಲ್ಲು ಹಾಕುವಾಗ ತೆಗೆಯುತ್ತಾರೆ ಅಂತ ಮುಟ್ಟಲಿಲ್ಲ ಎಂದಳು.

ಕರಡಿಗೆ ಹಾಗೆಯೇ ಇತ್ತು. ಸುತ್ತಿದ ದಾರವೂ ಬಿಚ್ಚಿರಲಿಲ್ಲ. ಕಣ್ಣಿಗೊತ್ತಿಕೊಂಡೆ. ಅಳಬಾರದೆಂದಿದ್ದೆ, ಆಗಲಿಲ್ಲ. ಹುಡುಗಿ ಅತ್ತ ತಿರುಗಿ ನಿಂತಳು. ಸೂಪರ್‌ವೈಸರ್ ಕೆಳಗಿನಿಂದ ಒಂದು ಕುರ್ಚಿ ತರಿಸಿದ; ಆ ಮಹಡಿಗೆ ಬಂದ ಮೊದಲ ಕುರ್ಚಿ ಅದೇ ಇರಬೇಕು. ಶಿವದಾರ ಕೊರಳಿಗೆ ಹಾಕಿಕೊಂಡು, ಸೆರಗು ಹೊದ್ದು ಕುಳಿತೆ. ಅವನಿಗೆ ಹೇಳಿದ್ದು ಎರಡೇ ವಿಷಯ: ಈ ಹುಡುಗಿಯ ಚೀಲ ನೋಡಬೇಕೆಂದದ್ದು ತಪ್ಪು, ದೊಡ್ಡ ಸೈಜನ್ನು ಮೇಲಿಡಿ. ತಲೆ ಆಡಿಸಿದ. ಇಡುತ್ತಾನೋ ಇಲ್ಲವೋ.

ಕೋಲಿನ ಹೆಂಗಸು ಹೋಗಿರಲಿಲ್ಲ. ನಿವೃತ್ತಿಯಾದ ಟೀಚರು ತಾನು ಎಂದಳು. ನಾಲ್ಕು ಅಂಗಡಿ ಸುತ್ತಿದ್ದಾಳಂತೆ, ಕನ್ನಡಕ ಇಟ್ಟುಕೊಳ್ಳಲು ಜೇಬಿರುವುದು ಸಿಕ್ಕದ್ದು ಇದೊಂದೇ. ಆದರೂ, ನಿಮಗೆ ಬೇಕಾದರೆ ನೀವೇ ತಗೊಳ್ಳಿ, ದೇವರಿದ್ದ ಬಟ್ಟೆ ಎಂದಳು. ನನಗೂ ಅದೊಂದೇ ಆಗುತ್ತಿತ್ತೇನೋ. ಹಾಕಿ ನೋಡಿರಲೇ ಇಲ್ಲ. ಕೊಟ್ಟುಬಿಟ್ಟೆ. ಆಕೆ ಕೋಲಿಂದ ಎಳೆದು ತೆಗೆದಿರದಿದ್ದರೆ, ಬೇರೆ ಯಾರೋ ಬಿಲ್ಲು ಹಾಕಿಸಿ ಊರು ಸೇರಿಸುತ್ತಿದ್ದರು. ಆಮೇಲೆ ಯೋಚಿಸಿದರೆ ಆಕೆಯೂ ಹತ್ತು ನಿಮಿಷ ಮುಂಚೆ ಬಿಲ್ಲು ಹಾಕಿಸಿ ಹೋಗಬಹುದಿತ್ತು. ಬೇರೆ ಬಟ್ಟೆ ನೋಡುತ್ತ ನಿಂತದ್ದು ನನ್ನ ಪುಣ್ಯ.

ಆದರೆ ಬೆಲ್ಲ ಇನ್ನೂ ಬಲಗೈಯಲ್ಲೇ ಇತ್ತು. ಕೊರಳಿಗೆ ಹಾಕಿಕೊಂಡ ಮಾತ್ರಕ್ಕೆ ಆಯಿತೇ, ಒಮ್ಮೆ ಮೈಬಿಟ್ಟ ಲಿಂಗಕ್ಕೆ ಮತ್ತೆ ದೀಕ್ಷೆ ಆಗಬೇಕೇ, ಅಲ್ಲಿಯ ತನಕ ಉಪವಾಸವೇ, ನನಗೆ ತಿಳಿಯದು. ಮನೆಗೆ ಹೋಗುವ ಆಟೋದಿಂದಲೇ ತಂಗಿ ನಮ್ಮ ಮನೆತನದ ಗುರುಗಳಾದ ಅಯ್ಯನವರಿಗೆ ಫೋನು ಹಚ್ಚಿ ನನಗೆ ಕೊಟ್ಟಳು. ನಾನು ಜೇಬಿನವರೆಗೆ ಹೇಳುವಷ್ಟರಲ್ಲಿ ಅವರು ತಡೆದರು.

“ಸಿಕ್ಕಿತಲ್ಲ ತಾಯಿ. ತೊಳೆದು, ವಿಭೂತಿ ಹಚ್ಚಿ ಕಟ್ಟಿಕೊಳ್ಳಿ. ಮೊದಲು ಊಟ ಮಾಡಿ. ಉಳಿದದ್ದು ನಾನು ಬಂದಾಗ ಮಾತಾಡೋಣ.”

ಉಳಿದದ್ದು ಅಂದರೇನು ಎಂದು ಕೇಳುವ ಧೈರ್ಯವಾಗಲಿಲ್ಲ. ಆ ಮಾತು ಇವತ್ತಿಗೂ ನನ್ನೊಳಗೆ ಮುಳ್ಳಿನ ಹಾಗೆ ಇದೆ. ತಂಗಿಯ ಮನೆಯಲ್ಲಿ ಅವರು ಹೇಳಿದಂತೆ ಮಾಡಿ, ಆರಿದ ಅನ್ನವನ್ನು ಲಿಂಗಕ್ಕೆ ತೋರಿಸಿ ಉಂಡೆ. ಮೂರನೇ ತುತ್ತಿಗೆ ಕೈ ನಡುಗುವುದು ನಿಂತಿತು. ತಂಗಿ ಎದುರು ಕುಳಿತು ನಾನು ಉಣ್ಣುವುದನ್ನೇ ನೋಡುತ್ತಿದ್ದಳು. ಅವಳೂ ಉಂಡಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಸಂಜೆಯ ಬಸ್ಸಿನಲ್ಲಿ ಭದ್ರಾವತಿಗೆ ಬಂದೆ. ದಾರಿಯುದ್ದಕ್ಕೂ ಕೈ ಎದೆಯ ಮೇಲೇ ಇತ್ತು. ಪಕ್ಕದ ಸೀಟಿನವಳು ಎದೆನೋವಾ ಎಂದು ಕೇಳಿದಳು. ಮನೆಯಲ್ಲಿ ಯಜಮಾನರು ಎಲ್ಲ ಕೇಳಿ, ಬೈಯಲಿ ಎಂದು ನಾನು ಕಾಯುತ್ತಿದ್ದರೆ, ಬಟ್ಟೆ ಸಿಗಲಿಲ್ಲವಾ ಹಾಗಾದರೆ ಎಂದರು. ಸಿಗಲಿಲ್ಲ. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು. ಹಳೆಯ ರವಿಕೆಯೊಂದರ ತೋಳಿನ ಹೊಲಿಗೆ ಬಿಚ್ಚಿ ಅದನ್ನೇ ತೊಟ್ಟು ಹೋಗುತ್ತೇನೆ, ಬೇಡವೆಂದು ವಾಪಸು ಕಳಿಸಿದರೆ ಕಳಿಸಲಿ ಎಂದೆ. ಕಳಿಸಿಬಿಟ್ಟರೆ ಇನ್ನೊಂದು ತಿಂಗಳು ಕಾಯಬೇಕಲ್ಲ ಎಂಬ ಹೆದರಿಕೆಯನ್ನು ಹೇಳಲಿಲ್ಲ.

ಅಷ್ಟರಲ್ಲಿ ಹಿತ್ತಲಿನ ನಲ್ಲಿ ಬುಸುಗುಟ್ಟಿತು. ಎರಡು ದಿನದ ಮೇಲೆ ಬಂದ ನೀರು, ಬಿಟ್ಟರೆ ಮತ್ತೆ ಎರಡು ದಿನವಿಲ್ಲ. ಕರಡಿಗೆಯನ್ನು ರವಿಕೆಯೊಳಗೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡ ಎತ್ತಲಾಗದ್ದರಿಂದ ಚೆಂಬು ಹಿಡಿದು ಎಡಗೈಯಲ್ಲಿ ಹಂಡೆ ತುಂಬಿಸತೊಡಗಿದೆ.